ಉಡಚಪ್ಪನ ಖಾಯಂ ಸಹಿ

ಸಣ್ಣವ್ವ: ಸಹಿ ಮಾಡಂಗಿಲ್ರಿ ಹವಾಲ್ದಾರ್ರ. ಏನ್ ಬರದೀರಿ, ಮೊದಲ ಅದನ್ನ ಹೇಳ್ರಿ.

ಮಡಿವಾಳೆಪ್ಪ: ‘ನನ್ನ ಗಂಡ ಉಡಚಪ್ಪನ ಖೂನಿಯ ತನಿಖೆ ಸಮಾಧಾನಕರವಾಗಿ ನಡೆದಿದೆ.’ ಇಷ್ಟ ಐತಿ.

ಸಣ್ಣವ್ವ: ಎರಡು ವರ್ಷಾತು. ಯಾರಿಗ್ರಿ ಸಮಾಧಾನ? ಕೊಂದಾವಗೇನು?

ದುಮ್ಮವಾಡದಲ್ಲಿ ಸಣ್ಣವ್ವನ ಮನೆಯ ಕಟ್ಟೆಯ ಮೇಲೆ ಹವಾಲ್ದಾರ ಮಡಿವಾಳೆಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ವಿಧಾನಸಭೆಯಲ್ಲಿ ಯಾರೋ ಶಾಸಕರು ಈ ಖೂನಿಯ ಬಗ್ಗೆ ಪ್ರಶ್ನೆ ಕೇಳಿದ್ದರು. ಉತ್ತರ ನಾಳೆ ಸಂಜೆಯೊಳಗೆ ಬೆಂಗಳೂರು ಮುಟ್ಟಬೇಕಿತ್ತು. ಕೊಲೆಗಾರನಿಗಿಂತ ಸಣ್ಣವ್ವನ ಸಹಿ ಬೇಗ ಸಿಗುತ್ತದೆಂದು ನಂಬಿ ಆತ ಬಂದಿದ್ದ. ಬಾಜು ಮನೆಯ ನಿವೃತ್ತ ಮಾಸ್ತರ ಶಂಭುಲಿಂಗಪ್ಪ ಕರೆಯದೆಯೇ ಬಂದು ಕೂತಿದ್ದರು.

ಶಂಭುಲಿಂಗಪ್ಪ: ವಿಕ್ಟೋರಿಯಾ ರಾಣಿ ಕಾಲಕ್ಕ ಲಂಡನ್ನಿನ್ಯಾಗೂ ಹಿಂಗ ಪ್ರಶ್ನೆ ಕೇಳ್ತಿದ್ರು. ಖೂನಿ ಪತ್ತೆ ಆಗಲಿಲ್ಲಂದ್ರ ಗೃಹಮಂತ್ರಿ ಎದ್ದು ನಿಂತು ಜವಾಬು ಕೊಡಬೇಕು. ಪತ್ತೇದಾರರ ಲಂಚ ಹೊರಗ ಬಿದ್ದಾಗ ಇಲಾಖೇನ ಹೊಸದಾಗಿ ಕಟ್ಟಿದ್ರು.

ಮಡಿವಾಳೆಪ್ಪ: ಅಲ್ಲಿ ಪತ್ತೇದಾರಗ ಕುದುರೆಗಾಡಿ ಇತ್ರಿ ಮಾಸ್ತರ. ನನಗ ಸೈಕಲ್ ಐತಿ, ಚೈನ್ ಇಲ್ಲ.

ಸಣ್ಣವ್ವ: ಪಂಚನಾಮೆ ಆದ್ರೂ ಮಾಡೀರೋ ಇಲ್ಲೋ?

ಮಡಿವಾಳೆಪ್ಪ: ಮಾಡದ ಬಿಡ್ತೀವೇನಬೇ? ಹೆಣ ಸಿಕ್ಕ ದಿನಾನ ಆಗೇತಿ. ತಗೋರಿ ಮಾಸ್ತರ, ಓದ್ರಿ.

ಮಾಸ್ತರರು ಚಾಳೀಸು ಏರಿಸಿ ಓದಿದರು. ಒಂದು ಹೆಸರಿನ ಮೇಲೆ ಬೆರಳಿಟ್ಟರು. ಮತ್ತೆ ಓದಿದರು.

ಶಂಭುಲಿಂಗಪ್ಪ: ಹಳ್ಳದ ದಂಡಿಗೆ ಹೆಣ ನೋಡೇವಂತ ಸಾಕ್ಷಿ ಸಹಿ ಮಾಡಿದ ಪಂಚರು ಇಬ್ಬರು. ಒಬ್ಬ ಲಕ್ಷ್ಮಪ್ಪ. ಇನ್ನೊಬ್ಬ ಉಡಚಪ್ಪ.

ಸಣ್ಣವ್ವ: ಯಾವ ಉಡಚಪ್ಪ?

ಶಂಭುಲಿಂಗಪ್ಪ: ಸಹಿ ನಿನ್ನ ಗಂಡಂದ ಐತಿ ತಂಗಿ.

ಮಡಿವಾಳೆಪ್ಪನಿಗೆ ಆಗ ನೆನಪಾಯಿತು. ಉಡಚಪ್ಪನ ಚಹಾದಂಗಡಿ ಠಾಣೆಯ ಎದುರಿಗೇ ಇತ್ತು. ಯಾವ ಪಂಚನಾಮೆಗೂ ಅವನೇ ಪಂಚ. ಪ್ರತಿಸಲ ಕೂಗಿ ಕರೆಯುವುದು ಬೇಡವೆಂದು ಇಪ್ಪತ್ತು ಖಾಲಿ ಹಾಳೆಗಳಿಗೆ ಒಮ್ಮೆಲೇ ಸಹಿ ಮಾಡಿಸಿ ಇಟ್ಟಿದ್ದರು. ಹಳ್ಳದ ದಂಡೆಯಲ್ಲಿ ಅವನದೇ ಹೆಣ ಸಿಕ್ಕ ದಿನ, ಸಹಿ ಯಾರದೆಂದು ನೋಡದೆ, ಮೇಲಿನ ಹಾಳೆ ತೆಗೆದು ತುಂಬಿದ್ದು ತಾನೇ.

ಮಡಿವಾಳೆಪ್ಪ: ಖಾಯಂ ಪಂಚ ಇದ್ನವ್ವ ಅವ. ರೂಢಿ ಆಗಿತ್ತು.

ಸಣ್ಣವ್ವ: ಸತ್ತ ಮ್ಯಾಲೂ ಠಾಣೆದ ಕೆಲಸ ತಪ್ಪಲಿಲ್ಲ ಪುಣ್ಯಾತ್ಮಗ.

ಹವಾಲ್ದಾರ ಕೈ ಚಾಚುವಷ್ಟರಲ್ಲಿ ಹಾಳೆ ಮಾಸ್ತರರ ಕೈಯಿಂದ ಸಣ್ಣವ್ವನ ಸೆರಗಿನ ಗಂಟಿಗೆ ಹೋಗಿತ್ತು.

ಮಡಿವಾಳೆಪ್ಪ: ಅದು ಸರಕಾರಿ ಕಾಗದ. ಕೊಡಬೇ ಇಲ್ಲಿ. ಬೆಂಗಳೂರಿಗೆ ಏನಂತ ಬರೀಲಿ ನಾನು?

ಸಣ್ಣವ್ವ: ಕಾಗದ ಆ ಶಾಸಕರಿಗೆ ನಾನ ಮುಟ್ಟಸ್ತೇನಿ. ನೀವು ಬರೀರಿ: ‘ಖೂನಿ ಅಗದಿ ಹತ್ರದಿಂದ ಕಂಡ ಸಾಕ್ಷಿ ಅದಾನ, ಸಹಿನೂ ಮಾಡ್ಯಾನ. ಯಾರು ಕೊಂದ್ರಂತ ಅವನ್ನ ಕೇಳಾಕ ಠಾಣೆದವರಿಗಿ ಇನ್ನೂ ಪುರುಸೊತ್ತು ಸಿಕ್ಕಿಲ್ಲ.’ ಅದಕ್ಕ ಬೇಕಾದ್ರ ಈಗ ಸಹಿ ಮಾಡ್ತೇನಿ, ಪೆನ್ನ ಕೊಡ್ರಿ.