ದುಷ್ಟ ಅವಳಿಯ ಸೇವಾ ಕಡತ

ಲಾಸ್ ಏಂಜಲೀಸಿನ ಉತ್ತರದ ಕಣಿವೆಯಲ್ಲಿ, ಟೆಲಿವಿಷನ್ನಿಗೆಂದು ಕುದುರೆ-ಕೋವಿಗಳ ಕತೆ ತಯಾರಿಸುವ ಯಾವುದೇ ಸ್ಟುಡಿಯೋದಲ್ಲಿ, ಧಾರಾವಾಹಿಯ ಮೂರನೇ ವರ್ಷದೊಳಗೆ ನಾಯಕನಿಗೆ ಒಬ್ಬ ದುಷ್ಟ ಅವಳಿ ಹುಟ್ಟತಕ್ಕದ್ದು. ಸದರಿ ಪದ್ಧತಿಯಂತೆ 1959ರ ಮಾರ್ಚಿನಲ್ಲಿ, ತನ್ನ ನಲವತ್ತೊಂದನೆಯ ವಯಸ್ಸಿನಲ್ಲಿ, ನಾಯಕನಟ ಆರ್ವಿಲ್ ಟ್ಯಾಕೆಟ್‌ಗೆ ಒಬ್ಬ ತಮ್ಮ ಹುಟ್ಟಿದ. ಒಂದು ಕಪ್ಪು ಟೋಪಿ, ಒಂದು ಅಂಟುಮೀಸೆ, ಅಷ್ಟರಲ್ಲೇ ಹೆರಿಗೆ ಮುಗಿಯಿತು.

ಕೆಲಸವೇನೂ ಕಷ್ಟದ್ದಲ್ಲ. ಕ್ಯಾಮೆರಾದ ಅರ್ಧ ಕಣ್ಣಿಗೆ ಕಪ್ಪು ರಟ್ಟು ಮುಚ್ಚುತ್ತಾರೆ. ಆರ್ವಿಲ್ ಊರು ಕಾಯುವ ಬಿಳಿ ಟೋಪಿಯ ಶೆರೀಫ್ ಆಗಿ ಎಡಗಡೆ ನಿಂತು ಬುದ್ಧಿ ಹೇಳುತ್ತಾನೆ. ಆಮೇಲೆ ಫಿಲ್ಮನ್ನು ಹಿಂದಕ್ಕೆ ಸುತ್ತಿ, ರಟ್ಟನ್ನು ಆ ಕಡೆಗೆ ಸರಿಸಿದರೆ, ಅವನೇ ಮೀಸೆ ಅಂಟಿಸಿಕೊಂಡು ಬಲಗಡೆಯಿಂದ ತನ್ನನ್ನೇ ಬೈದುಕೊಳ್ಳುತ್ತಾನೆ. ನಡುವೆ ನೆಲದ ಮೇಲೆ ಸೀಮೆಸುಣ್ಣದ ಗೆರೆ. ದಾಟಿದರೆ ತೆರೆಯ ಮೇಲೆ ಕೈ ಮಾಯವಾಗುತ್ತದೆ. ಆರ್ವಿಲ್ ಶಿಸ್ತಿನ ಮನುಷ್ಯ, ದಾಟಲಿಲ್ಲ.

ಅಡ್ಡ ಬಂದದ್ದು ಓಟ್ಸ್ ಗಂಜಿ. ಧಾರಾವಾಹಿಯ ಪ್ರಾಯೋಜಕರು ಗಂಜಿ ಕಂಪನಿಯವರು; ಅವರ ಜಾಹೀರಾತಿನಲ್ಲಿ ಬರುವವನೂ ಆರ್ವಿಲನೇ. ಬ್ಯಾಂಕು ದೋಚಿದವರಾಗಲಿ, ಪಾದ್ರಿಯ ಮೇಲೆ ಕೈ ಮಾಡಿದವರಾಗಲಿ ಮಕ್ಕಳಿಗೆ ಗಂಜಿ ಕುಡಿಯಲು ಹೇಳತಕ್ಕದ್ದಲ್ಲ ಎಂಬುದು ಅವರ ನಿಯಮ. ತಮ್ಮನಾದವನು ಎರಡನ್ನೂ ಮೊದಲ ಜಾಹೀರಾತಿಗೆ ಮುಂಚೆಯೇ ಮುಗಿಸಿದ್ದ. ಆದ್ದರಿಂದ ಸಿಬ್ಬಂದಿ ವಿಭಾಗದ ಮುಖ್ಯಸ್ಥೆ ಪ್ರೂಡೆನ್ಸ್ ಲ್ಯಾಥ್ರಪ್ ಅವನಿಗೆ ಬೇರೆಯೇ ಕಡತ ತೆರೆದರು. ಹೆಸರು: ವೆಂಡೆಲ್ ಟ್ಯಾಕೆಟ್. ಉದ್ಯೋಗ: ದುಷ್ಟ. ಆರ್ವಿಲ್ ಬೆಳಿಗ್ಗೆ ತನ್ನ ಹಾಜರಿ ಹಾಕಿ, ಮಧ್ಯಾಹ್ನ ತಮ್ಮನದ್ದೂ ಹಾಕತೊಡಗಿದ. ಬೆಳಿಗ್ಗೆ ಎದ್ದು ನಿಂತು ನಮಸ್ಕರಿಸುತ್ತಿದ್ದ ಗೇಟಿನ ಕಾವಲುಗಾರ, ಮೀಸೆ ಕಂಡರೆ ಮುಖ ತಿರುಗಿಸುತ್ತಿದ್ದ.

ಪ್ರೇಕ್ಷಕರಿಗೆ ವೆಂಡೆಲ್ ಬಹಳ ಹಿಡಿಸಿದ. ಅವನಿಗೆ ಹನ್ನೊಂದು ಮೂಟೆ ಕಾಗದ ಬಂತು, ಶೆರೀಫನಿಗೆ ಎರಡು. ಸುತ್ತೋಲೆ ಹೊರಟಿತು: "ಒಂದೇ ಮುಖಕ್ಕೆ ಇಬ್ಬರು ನೌಕರರು ಅನಾವಶ್ಯಕವೆಂದು ಕಂಡುಬಂದಿರುವುದರಿಂದ, ಕಡಿಮೆ ಕಾಗದ ಬರುವವರನ್ನು ಬರುವ ಶುಕ್ರವಾರ ಸೇವೆಯಿಂದ ಬಿಡುಗಡೆ ಮಾಡಲಾಗುವುದು."

ಮೂರು ವರ್ಷ ಆ ಬಿಳಿ ಟೋಪಿಯಲ್ಲಿ ಬದುಕಿದವನು ಆರ್ವಿಲ್. ಅಂಗಡಿಯಲ್ಲಿ ಹಟ ಮಾಡುವ ಮಕ್ಕಳು ಅವನನ್ನು ಕಂಡು ಕೈಕಟ್ಟಿ ನಿಲ್ಲುತ್ತಿದ್ದವು. ತನ್ನಲ್ಲಿ ಒಳ್ಳೆಯದೆನ್ನುವುದು ಏನಾದರೂ ಇದ್ದರೆ ಅದು ಆ ಟೋಪಿಯಲ್ಲಿದೆ ಎಂದು ಅವನು ನಂಬಿದ್ದ. ಅದನ್ನೇ ತಲೆಗಿಟ್ಟುಕೊಂಡು ಸಿಬ್ಬಂದಿ ವಿಭಾಗಕ್ಕೆ ಹೋದ.

"ವೆಂಡೆಲ್ ಅನ್ನೋನು ಇಲ್ಲವೇ ಇಲ್ಲ ಕಣಮ್ಮಾ. ಅವನೂ ನಾನೇ."

ಪ್ರೂಡೆನ್ಸ್ ಕನ್ನಡಕ ಇಳಿಸಿದರು. "ದುಷ್ಟ ಅವಳಿ ಪ್ರತಿ ಸಲ ಇದನ್ನೇ ಹೇಳೋದು. ಬಿಳಿ ಟೋಪಿ ಕದ್ದು ಹಾಕ್ಕೊಂಡು ಬಂದೇ ಹೇಳೋದು. ಆರು ಧಾರಾವಾಹಿ ಟೈಪ್ ಮಾಡಿದೀನಿ ಸ್ವಾಮಿ, ನನಗೇ ಕತೆ ಹೇಳ್ತೀರಾ?"

ಮೀಸೆ ಅಂಟಿನದ್ದೆಂದು ಅವನು ವಿವರಿಸಿದ. ಆಕೆ ಒಂದು ತುಂಡು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದೇ ಕೋಣೆ, ಇಬ್ಬರು ಆರ್ವಿಲ್‌ಗಳು, ಕೈ ಕೈ ಮಿಲಾಯಿಸುವ ಹಂತದಲ್ಲಿದ್ದರು. ಇದನ್ನು ತೆಗೆದವರು ನಮ್ಮ ಸ್ಟುಡಿಯೋದವರೇ ಅಲ್ಲವೇ, ನಮ್ಮ ದಾಖಲೆಯನ್ನು ನಾವೇ ನಂಬದಿದ್ದರೆ ಹೇಗೆ ಎಂದು ಕೇಳಿದರು. ಆರ್ವಿಲ್ ಬಗ್ಗಿ ನೋಡಿದ. ಗೆರೆ ಎಲ್ಲೂ ಕಾಣಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದ.

ಆದರೂ ನ್ಯಾಯ ನ್ಯಾಯವೇ ಎಂದು, ಪ್ರೂಡೆನ್ಸ್ ಅವನ ತಾಯಿಗೆ ತಂತಿ ಕಳಿಸಿದರು. ಗುರುವಾರ ಓಕ್ಲಹಾಮಾದಿಂದ ಉತ್ತರ ಬಂತು: "ಹೆರಿಗೆಯ ಹೊತ್ತಿನಲ್ಲಿ ಕ್ಲೋರೋಫಾರ್ಮ್ ಕೊಟ್ಟಿದ್ದರು. ಎಷ್ಟು ಮಕ್ಕಳೆಂದು ಖಚಿತವಾಗಿ ಹೇಳಲಾರೆ. ಮೀಸೆಯವನು ಸೊರಗಿದ್ದಾನೆ. ಅವನಿಗೂ ಸ್ವೆಟರ್ ಹೆಣೆಯುತ್ತಿದ್ದೇನೆ."

ಕಡತ ಮುಚ್ಚಲಾಯಿತು.

ಶುಕ್ರವಾರ ನಾಲ್ಕನೇ ಸೆಟ್ಟಿನ ಹೆಂಡದಂಗಡಿಯಲ್ಲಿ ಶೆರೀಫನಿಗೆ ಬೀಳ್ಕೊಡುಗೆ. ನಿಂಬೆಹಣ್ಣಿನ ಕೇಕು, ಗಡಿಯಾರ, ಭಾಷಣಗಳು. ಇಂಥ ಸಜ್ಜನ ಇನ್ನು ಈ ಕಣಿವೆಯಲ್ಲಿ ಸಿಗುವುದಿಲ್ಲವೆಂದು ನಿರ್ಮಾಪಕರು ಗದ್ಗದಿತರಾದರು. ಗೇಟಿನ ಕಾವಲುಗಾರ ಅತ್ತೇಬಿಟ್ಟ. ಬಿಳಿ ಟೋಪಿಯನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟಾಗ ಆರ್ವಿಲ್‌ಗೂ ತಡೆಯಲಾಗಲಿಲ್ಲ. ಇಷ್ಟು ವರ್ಷ ಯಾರೂ ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ. ಸೋಮವಾರದಿಂದ ವೆಂಡೆಲನದೇ ಸ್ವಂತ ಧಾರಾವಾಹಿ, ಬೆಳಿಗ್ಗೆ ಏಳಕ್ಕೆ ಹಾಜರಾಗಬೇಕು ಎಂಬ ಯೋಚನೆ ನಡುವೆ ಒಮ್ಮೆ ಸುಳಿದು ಹೋಯಿತು.

ಪ್ರೂಡೆನ್ಸ್ ಬಾಗಿಲ ಕಡೆ ನೋಡಿದರು. "ಸ್ವಂತ ಅಣ್ಣನ ಬೀಳ್ಕೊಡುಗೆ. ಇವತ್ತಾದರೂ ಬರಬಾರದಿತ್ತೇ ಆ ಮನುಷ್ಯ."

ಎಲ್ಲರೂ ಬೇಸರದಿಂದ ತಲೆಯಾಡಿಸಿದರು. ಆರ್ವಿಲ್ ತುಟಿಗೆ ಅಂಟಿದ್ದ ಕೇಕಿನ ಕೆನೆ ಒರೆಸಿಕೊಂಡು ನಿಟ್ಟುಸಿರುಬಿಟ್ಟ.

"ಬಿಡಿ ತಾಯಿ," ಎಂದ. "ಚಿಕ್ಕಂದಿನಿಂದಲೂ ಅವನು ಹಾಗೇ."