ಎತ್ತರದ ಪ್ರಕಾರ ಪ್ರೋಟೀನು

ಡ್ರಿಲ್ ಮೇಷ್ಟ್ರಿಗೆ ಸೊಟ್ಟ ಸಾಲು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ವಿಜ್ಞಾನದ ಮೇಷ್ಟ್ರ ಗ್ರಹಚಾರ ಕೆಟ್ಟದ್ದು ಅಷ್ಟರಿಂದಲೇ.

ವಿಜ್ಞಾನದ ಮೇಷ್ಟ್ರು ಪಾಪ, ತಾತ್ಕಾಲಿಕ ಹುದ್ದೆಯಲ್ಲೇ ತಲೆ ನರೆಸಿಕೊಂಡವರು. ಇವತ್ತು ಇಲಾಖೆಯ ಸಾಹೇಬರು ಪಾಠ ನೋಡಿ ಮೆಚ್ಚಿದರೆ ಕೆಲಸ ಕಾಯಂ. ಅದಕ್ಕೇ ಅವರು ಶಾಲೆಯ ಅಂಗಳದಲ್ಲಿ ಒಂದು ಜೀವಕೋಶ ಕಟ್ಟಿದ್ದರು. ಹೆಡ್ ಮೇಡಂ ಕೋಣೆಯೇ ಕೋಶಕೇಂದ್ರ. ಡಿಎನ್‌ಎ ಅಲ್ಲಿಂದ ಹೊರಗೆ ಕಾಲಿಡುವುದಿಲ್ಲ, ಒಳಗಿದ್ದೇ ಅಪ್ಪಣೆ ಕಳಿಸುತ್ತದೆ. ಆ ಕೋಣೆಗೆ ಇದೇನೂ ಹೊಸದಲ್ಲ. ಅಪ್ಪಣೆಯ ನಕಲು ಹೊತ್ತು ತರುವ ಆರ್‌ಎನ್‌ಎ ಎಂದರೆ ನಾಲ್ಕು ಬಣ್ಣದ ಟೋಪಿ ಹಾಕಿದ ಮಕ್ಕಳ ಸಾಲು. ಮೂರು ಮೂರು ಟೋಪಿ ಸೇರಿದರೆ ಒಂದು ಮಾತು. ಆ ಮಾತಿಗೆ ತಕ್ಕ ಮಣಿಯನ್ನು ಉದ್ದ ಜಡೆಯ ಹುಡುಗಿ ಪೋಣಿಸುತ್ತಾ ಹೋಗಬೇಕು. ಆ ಸರವೇ ಪ್ರೋಟೀನು.

ಮೇಷ್ಟ್ರು ಸಾಹೇಬರನ್ನು ಕರೆತರಲು ಗೇಟಿಗೆ ಹೋದರು. ಇತ್ತ ಸಾಲು ಡ್ರಿಲ್ ಮೇಷ್ಟ್ರ ಕಣ್ಣಿಗೆ ಬಿತ್ತು.

"ಏನ್ರೋ ಇದು, ಹಲ್ಲು ಮುರಿದ ಬಾಚಣಿಗೆ ಥರ? ಎತ್ತರದ ಪ್ರಕಾರ ನಿಂತ್ಕೊಳ್ಳಿ."

"ಸಾರ್, ಕ್ರಮ ತಪ್ಪುತ್ತೆ..."

"ಕ್ರಮ ನನಗೆ ಹೇಳಿಕೊಡ್ತೀಯಾ? ಕುಳ್ಳರೆಲ್ಲ ಮುಂದೆ."

ಸಾಹೇಬರು ಬಂದು ಕುಳಿತರು. ಹುಡುಗಿ ಮೊದಲ ಮೂರು ಟೋಪಿ ನೋಡಿದಳು. ಅವು ಹೇಳಿದ ಮಾತು, 'ಶುರು ಮಾಡು.' ಒಂದು ಮಣಿ ಪೋಣಿಸಿದಳು. ಮುಂದಿನ ಮೂರು ನೋಡಿ ಕೈಕಟ್ಟಿ ನಿಂತಳು.

"ಪೋಣಿಸಮ್ಮ," ಎಂದರು ಮೇಷ್ಟ್ರು.

"'ನಿಲ್ಲಿಸು' ಅಂತ ಬಂದಿದೆ ಸಾರ್. ಜೀವಕೋಶ ಎದುರು ಮಾತಾಡಲ್ಲ ಅಂತ ನೀವೇ ಹೇಳಿಕೊಟ್ಟಿದ್ದು."

ಮೇಷ್ಟ್ರ ಮುಖ ಹಿಂಡಿದ ಬಟ್ಟೆಯಂತಾಯಿತು. ಸಾಹೇಬರು ಬಾಯಿ ತೆರೆಯುವ ಮೊದಲೇ ಕೈಮುಗಿದು ಹೇಳಿಬಿಟ್ಟರು, "ಸಾರ್, ದೇವರಾಣೆಗೂ ಈ ಸಾಲಿಗೂ ನನಗೂ ಸಂಬಂಧ ಇಲ್ಲ. ಇಡೀ ಕಿತಾಪತಿ ಡ್ರಿಲ್ ಮೇಷ್ಟ್ರದ್ದೇ. ಬೇಕಾದ್ರೆ ಮೇಡಮ್ಮನ್ನ ಕೇಳಿ."

ಮೇಡಂ ಕಿಟಕಿಯೊಳಗಿಂದಲೇ ಹೌದೆಂದು ತಲೆಯಾಡಿಸಿದರು.

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಯಾವ ಶಾಲೆಗೆ ಹೋದ್ರೂ ಎಲ್ಲಾ ಸರಿಯಾಗಿ ನಡೆಯೋದನ್ನೇ ಗಂಟೆಗಟ್ಟಲೆ ತೋರಿಸಿ ಜೀವ ತಿಂತಾರೆ. ಸಂದೇಶ ಕೆಟ್ಟರೆ ಪ್ರೋಟೀನು ಅಲ್ಲೇ ನಿಂತುಹೋಗುತ್ತೆ ಅಂತ ತೋರಿಸಿಕೊಟ್ಟವರು ಇವರೊಬ್ಬರೇ. ಅದೂ ಎಷ್ಟು ಚುಟುಕಾಗಿ. ವಿಜ್ಞಾನ ಇಂಥವರ ಕೈಲಿರ್ಬೇಕು."

ವಿಜ್ಞಾನದ ಕಾಯಂ ಹುದ್ದೆ ಡ್ರಿಲ್ ಮೇಷ್ಟ್ರ ಪಾಲಾಯಿತು. ಖಾಲಿ ಬಿದ್ದ ಡ್ರಿಲ್ ಕೆಲಸಕ್ಕೆ ವಿಜ್ಞಾನದ ಮೇಷ್ಟ್ರನ್ನು ಹಾಕಿದರು, ತಾತ್ಕಾಲಿಕವಾಗಿ.

ಸಂಜೆ ಹೊಸ ವಿಜ್ಞಾನದ ಮೇಷ್ಟ್ರು ಬಂದು ಹಳಬರ ಹೆಗಲ ಮೇಲೆ ಕೈಹಾಕಿ ಮೆಲ್ಲಗೆ ಕೇಳಿದರು:

"ಅಲ್ಲ ಸಾರ್, ನಾಳೆಯಿಂದ ಪಾಠ ನಂದೇ. ಎಲ್ಲರೂ ಆರ್‌ಎನ್‌ಎ, ಆರ್‌ಎನ್‌ಎ ಅಂತಿದ್ರಲ್ಲ, ಅವನು ಯಾವ ಕ್ಲಾಸಿನ ಹುಡುಗ?"