ಹತ್ತು ಬೈ ಎಂಟಿನ ‘ತಪ್ಪಾತು’

ಆಳಂದದಾಗ ಫ್ಲೆಕ್ಸ್ ಅಂಗಡಿ ಇಟ್ಟಾವರು ಮಂದಿ ಮನಿ ಸುದ್ದಿ ಕೇಳಾಕ ಎಲ್ಲೂ ಹೋಗಬೇಕಾಗಿಲ್ಲ, ಸುದ್ದೀನೇ ಅಳತಿ ಹಿಡಕೊಂಡು ಬಾಗಿಲಿಗೆ ಬರ್ತದ. ನಮ್ಮಲ್ಲಿ ಹುಟ್ಟಿದ್ರ ಫ್ಲೆಕ್ಸ್, ಸತ್ರ ಫ್ಲೆಕ್ಸ್, ಹತ್ತನೇ ಕ್ಲಾಸ್ ಪಾಸಾದ್ರ ಫ್ಲೆಕ್ಸ್. ಗಂಡ-ಹೆಂಡ್ತಿ ಜಗಳಕ್ಕೊಂದು ಬಾಕಿ ಇತ್ತು. ಅದನ್ನೂ ನಮ್ಮ ಓಣಿ ಟಂಟಂ ಆಟೋ ಡ್ರೈವರ್ ಮಾಡಿಸಿಬಿಟ್ಟ. ಅಂಗಡ್ಯಾಗ ಡಿಸೈನ್ ಮಾಡಾಕಿ ನಾನು, ಮಷೀನ್ ನಡಸಾವ್ರು ನಮ್ಮ ಮನಿಯವ್ರು. ಎಲ್ಲಾರೂ ನನಗ ಆಪಾ, ಅಂದ್ರ ಅಕ್ಕಾ, ಅಂತಾರ, ಬೈಸ್ಕೊಳ್ಳಾಕ ಬಂದಾವ್ರೂ.

೧. ಕಿವಿಗೆ ಫೋನು

ಈ ಡ್ರೈವರ್‌ಗೆ ಪ್ರತಿ ವರ್ಷ ತನ್ನ ಬರ್ತ್‌ಡೇಕ್ಕ ಒಂದು ಫ್ಲೆಕ್ಸ್ ಬೇಕೇ ಬೇಕು. ಹೆಸರಿನ ಮುಂದ ‘ಯುವ ನಾಯಕರು’ ಅಂತ ಹಾಕಿಸ್ತಾನ. ಅವನ ಹಿಂದ ಮನಿ ಆಡು ಸೈತ ಹೋಗಂಗಿಲ್ಲ, ಆ ಮಾತು ಬ್ಯಾರೆ. ಬಿಳೇ ಅಂಗಿ, ಕರೇ ಗಾಗಲ್, ಕಿವಿಗೆ ಫೋನು. ಕೆಳಗ ‘ಶುಭ ಕೋರುವವರು’ ಅಂತ ಸಾಲಾಗಿ ದೋಸ್ತರ ಮುಸುಡಿ. ಗಾಡಿ ಬಿಟ್ಟು ಇಳದ ಅಂದ್ರ ಈ ದೋಸ್ತರ ಕೂಡ ಕಟ್ಟಿ ಮ್ಯಾಲೆ ಕುಂತು ಹರಟಿ ಹೊಡೀತಾನ. ಮನಿಗೆ ಬಂದ್ರ ಬಾಯಿಗೆ ಬೀಗ.

ಒಮ್ಮೆ ಅವನ ಹೆಂಡ್ತಿ ಅಂಗಡಿಗೆ ಬಂದು ಆ ಫ್ಲೆಕ್ಸ್ ನೋಡ್ಕೋತ ನಿಂತಳು.

“ಛಂದ ಬಂದದಲ್ಲಾ?” ಅಂದೆ.

“ಬಂದದ ಆಪಾ. ಆ ಫೋನಿನ್ಯಾಗ ಯಾರ ಕೂಡ ಮಾತಾಡಾಕತ್ತಾರ, ಕೇಳಿ ಹೇಳ್ರಿ. ನಾ ಹಚ್ಚಿದ್ರಂತೂ ಎತ್ತಂಗಿಲ್ಲ!”

೨. ಆಧಾರ್ ಕಾರ್ಡಿನ ಚೆಲುವಿ

ಅವನ್ನ ಕರದು ಚೆಂದಾಗಿ ಝಾಡಿಸಿದೆ. “ಏನಲೇ, ಹೆಂಡ್ತಿ ಅನ್ನಾಕಿ ಒಬ್ಬಾಕಿ ಅದಾಳ ಅಂತ ನೆನಪರ ಅದೇನು?” ಪಾಪ, ಮನಸ್ಸಿಗೆ ಹಚ್ಚಿಕೊಂಡ. ಹಚ್ಚಿಕೊಂಡು ಏನು ಮಾಡಿದ ಅಂತೀರಿ? ಮದುವಿ ವಾರ್ಷಿಕೋತ್ಸವಕ್ಕ ಫ್ಲೆಕ್ಸ್ ಹೇಳಾಕ ಬಂದ!

ತನ್ನ ಫೋಟೋ ಕೊಟ್ಟ, ದೋಸ್ತರ ಫೋಟೋ ಕೊಟ್ಟ.

“ಹೆಂಡ್ತೀದು?”

ಫೋನೆಲ್ಲಾ ತಿರುವಿ ಹಾಕಿದ. ಗಾಡಿ ಫೋಟೋ ಇದ್ದವು, ಗಾಡಿ ಟೈರಿನ ಫೋಟೋ ಇದ್ದವು, ಹೆಂಡ್ತೀದು ಒಂದೂ ಇಲ್ಲ. ಕಡಿಗೆ ಆಧಾರ್ ಕಾರ್ಡ್ ತಗದ. ಬ್ಯಾಡೋ ಅಂದೆ, ಕೇಳಲಿಲ್ಲ. ಬಸ್‌ಸ್ಟ್ಯಾಂಡ್ ಮುಂದ ಆಕಿ ಮಾರಿ ಆಳೆತ್ತರ ಎದ್ದು ನಿಂತಿತು. ಕೂದಲಾ ಹಾರ್‍ಯಾವ, ಕಣ್ಣು ಅರ್ಧ ಮುಚ್ಯಾವ, ಯಾ ಅಲ್ಲಾ!

ಮರುದಿನ ಆಕಿ ಸಂತಿಗೆ ಹೊಂಟಾಗ, ಓದಾಕ ಬರಲಾರದ ಮುದುಕಪ್ಪ ಒಬ್ಬಾಂವ ಕೈ ಅಡ್ಡ ಹಾಕಿ ನಿಂದ್ರಿಸಿದನಂತ. “ತಂಗೀ, ನೀ ಇಲ್ಲೇ ಅದೀ ಏನವ್ವಾ? ಕಳದು ಹೋಗೀ ಅಂತ ಮನಿಯವ್ರು ನಿನ್ನ ಹುಡಕಾಕತ್ತಾರ ನೋಡಲ್ಲೆ!”

ಸಂಜಿಗೆ ಬ್ಯಾಗ್ ಹಿಡಕೊಂಡು ಅಂಗಡಿ ಮುಂದ ಬಂದಳು. ಹೊಂಟಿದ್ದು ತವರಮನಿ ಖಜೂರಿಗೆ.

“ನಂಗ ಬಂಗಾರ ಬ್ಯಾಡ, ಸೀರಿ ಬ್ಯಾಡ ಆಪಾ. ದಿನಕ್ಕ ನಾಕು ಮಾತು ನನ್ನ ಕೂಡ ಆಡ್ಲಿ, ಸಾಕು. ಅಲ್ಲೀ ತನಕ ನಾ ಬರಂಗಿಲ್ಲ. ಹುಡಕೂದಿದ್ರ ಖರೇನೇ ಹುಡಕ್ಲಿ!” ಅಂದವಳೇ ಬಸ್ ಹತ್ತಿದಳು.

೩. ನಿಂತ ಲಾರಿಗಳು

ಕೆಲವು ದಿನಾ ಬಿಟ್ಟು ಅಂವ ಬಂದ. ಮಾರಿ ಬಾಡಿತ್ತು, ಅಂಗಿ ಇಸ್ತ್ರಿ ಕಂಡಿರಲಿಲ್ಲ.

“ಫೋನ್ ಎತ್ತವಲ್ಲಳ್ರೀ ಆಪಾ. ಮನ್ಯಾಗ ನಿಂದ್ರಾಕ ಆಗವಲ್ದು.”

“ಖಜೂರಿಗೆ ಹೋಗು. ಮುಂದ ಕುಂತು ತಪ್ಪಾತು ಅನ್ನು.”

“ಬಾಯಿಲೆ ಹೇಳಾಕ ನಾಚಿಕಿ ಬರ್ತದ್ರಿ. ನೀವು ಹತ್ತು ಬೈ ಎಂಟು ಫೂಟಿಂದು ಒಂದು ಫ್ಲೆಕ್ಸ್ ಮಾಡಿಬಿಡ್ರಿ.”

ಹೆಂಡ್ತಿ ಮುಂದ ನಾಚಿಕಿ, ಇಡೀ ಊರ ಮುಂದ ಇಲ್ಲ! ನಾ ಒಲ್ಲೆ ಅಂದೆ. ನಾ ಊಟಕ್ಕ ಹೋದಾಗ ನಮ್ಮ ಮನಿಯವ್ರ ಕಡಿಂದ ಮಾಡಿಸಿಕೊಂಡ. ದೋಸ್ತರು ಸುಮ್ನ ಇರ್ತಾರೇನು? “ನಮ್ಮಣ್ಣನ ದುಃಖ ನಮ್ಮ ದುಃಖ” ಅಂತ ಎಲ್ಲಾರೂ ತಮ್ಮ ತಮ್ಮ ಫೋಟೋ ಹಾಕಿಸಿದ್ರು. ನಮ್ಮ ಮನಿಯವ್ರೋ, ಹಳೇ ಡಿಸೈನಿನ್ಯಾಗ ಮ್ಯಾಲಿಂದಷ್ಟೇ ಬದಲಿ ಮಾಡ್ಯಾರ. ಮ್ಯಾಲೆ ‘ತಪ್ಪಾತು, ಕ್ಷಮಿಸು’. ಕೆಳಗ ‘ಶುಭ ಕೋರುವವರು’!

ಖಜೂರಿ ರೋಡಿಗೆ, ಮಾವನ ಮನಿ ಎದುರಿಗೇ ಕಟ್ಟಿದ್ರು. ಹೊತ್ತು ಏರೂದ್ರಾಗ ಅವನ ಅತ್ತಿ ಫೋನ್ ಹಚ್ಚಿದಳು.

“ಆಪಾ, ಲಾರಿಯವ್ರು ಗಾಡಿ ನಿಂದ್ರಿಸಿ ಇಳದು ಓದಾಕತ್ತಾರ. ನಮ್ಮ ಅಳಿಯಾ ತಪ್ಪಾತು ಅನ್ನಾಕತ್ತಾನೋ, ಎಲೆಕ್ಷನ್‌ಗೆ ನಿಂತಾನೋ?”

೪. ಬಾಯಿಲೆ

ಇನ್ನ ಸುಮ್ನ ಕುಂತ್ರ ಸಂಸಾರ ಮುರೀತದ ಅಂತ ನಾನೇ ಅವನ ಟಂಟಂ ಹತ್ತಿದೆ. “ನಡಿ ಖಜೂರಿಗೆ. ಇನ್ನೊಂದು ಫ್ಲೆಕ್ಸ್ ಅಂದೀ ಅಂದ್ರ ಮಷೀನಿನ್ಯಾಗ ನಿನ್ನನ್ನೇ ಹಾಕ್ತೇನಿ.” ದೋಸ್ತರು ಹತ್ತಾಕ ಬಂದ್ರು, ಚಪ್ಪಲ್ ತೋರಿಸಿದೆ.

ದಾರಿಯುದ್ದಕ್ಕೂ ಕಲಿಸಿದೆ. “ತಪ್ಪಾತು, ಮನಿಗೆ ಬಾ. ಅನ್ನು.” ನನ್ನ ಮುಂದ ಗಿಣಿ ಹಂಗ ಅಂದ. ಖಜೂರ್‍ಯಾಗ ಆಕಿ ಅಂಗಳದಾಗ ತೊಗರಿ ಹಸನ ಮಾಡಾಕತ್ತಿದ್ದಳು. ಆಕೀನ್ನ ಕಂಡಿದ್ದೇ ತಡ, ಅಂವ ಮೈಕಿನ ಮುಂದ ನಿಂತಾಂವನಂಗ ಸೆಟದು ನಿಂತ.

“ಖಜೂರಿ ಗ್ರಾಮದ ಸಮಸ್ತ...”

ಚಿವುಟಿದೆ.

“ನನ್ನ ನೆಚ್ಚಿನ ಧರ್ಮಪತ್ನಿಯವರಿಗೆ ಹಾರ್ದಿಕ ಕ್ಷಮಾಪಣೆಗಳು!”

ಅತ್ತಿ ಬಾಯಾಗ ಸೆರಗು ತುರುಕಿಕೊಂಡು ಒಳಗ ಓಡಿದಳು. ಹೆಂಡ್ತಿ ನಗಲಿಲ್ಲ.

“ಕೋರುವವರು ಯಾರು?” ಅಂದಳು.

ಅಂವ ಹಿಂದ ಹೊಳ್ಳಿ ನೋಡಿದ. ಯಾರೂ ಇರಲಿಲ್ಲ.

“ನಾ ಒಬ್ಬನೇ” ಅಂದ. ಅನ್ನೂದ್ರಾಗ ದನಿ ಒಡೀತು. “ತಪ್ಪಾತು. ನೀ ಇಲ್ಲಂದ್ರ ಮನಿ ತಿನ್ನಾಕ ಬರ್ತದ.”

ಆಕಿ ಮೊರ ಇಟ್ಟು, ಕಣ್ಣು ಒರಸಿಕೊಂಡು ಬ್ಯಾಗ್ ತಂದಳು. ನನ್ನನ್ನ ಹಿಂದಕ ಅಟ್ಟಿ ಮುಂದ ಗಂಡನ ಬಾಜೂಕ ಕುಂತಳು.

ಟಂಟಂ ಊರು ದಾಟಿರಲಿಲ್ಲ, ಆಕಿ ಬೈಯಾಕ ಚಾಲೂ ಮಾಡಿದಳು. ಮದುವಿ ದಿನದಿಂದ ಹಿಡದಳು. ಒಂದೂ ಬಿಡಲಿಲ್ಲ. ಅಂವ “ಹೂಂ... ಹೌದು... ಅದೂ ಖರೇ” ಅನಕೋತ ಗಾಡಿ ಹೊಡದ. ದಾರ್‍ಯಾಗ ಕೈ ಮಾಡಿದ ಪ್ಯಾಸೆಂಜರ್‌ನ ಒಬ್ಬನ್ನೂ ಹತ್ತಿಸಿಕೊಳ್ಳಲಿಲ್ಲ.

ಆಳಂದ ಬಂತು. ಅಂಗಡಿ ಮುಂದ ನಾ ಇಳದೆ. ಆಕೀದು ಇನ್ನೂ ನಡದೇ ಇತ್ತು.

“ಇನ್ನೂ ಎಷ್ಟು ಉಳದದ?” ಅಂತ ಅಂವ ಮೆಲ್ಲಕ ಕೇಳಿದ.

ಆಕಿ ಒಂದು ಗಳಿಗಿ ಲೆಕ್ಕಾ ಹಾಕಿದಳು. “ಅಫಜಲಪುರ ದಾಟಿ ಜೇವರ್ಗಿ ತನಕ ಆಗ್ತದ.”

“ತಡಿ ಹಂಗಾರ, ಡೀಸೆಲ್ ಹಾಕಿಸಿಕೊಳ್ತೇನಿ” ಅಂದು ಅಂವ ಗಾಡಿ ಪಂಪಿನ ಕಡಿ ತಿರುವಿದ.